ಕೊಲ್ಲದೆಯೂ ಕೆಡಿಸುವ ಕಿಣ್ವಗಳು

ಆಲ್ಝೈಮರ್ ಕಾಯಿಲೆಯಲ್ಲಿ ನರಕೋಶಗಳು ಸಾಯುತ್ತವೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಕಾಯಿಲೆ ಬಲಿತು ತೀರಿಕೊಂಡವರ ಮಿದುಳನ್ನು ತೂಗಿದರೆ ಹಗುರ. ಕೊಯ್ದು ನೋಡಿದರೆ ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಕುಗ್ಗಿರುತ್ತದೆ, ಒಳಗಿನ ದ್ರವದ ಕುಹರಗಳು ಹಿಗ್ಗಿರುತ್ತವೆ. ಹಿಪ್ಪೊಕ್ಯಾಂಪಸ್‌ಗೆ ಸುದ್ದಿ ಸಾಗಿಸುವ ಎಂಟೊರೈನಲ್ ಕಾರ್ಟೆಕ್ಸ್‌ನ ಎರಡನೆಯ ಪದರದಲ್ಲಿ, ಮರೆವು ಇನ್ನೂ ಸೌಮ್ಯವಾಗಿರುವಾಗಲೇ ಅರ್ಧಕ್ಕೂ ಹೆಚ್ಚು ನರಕೋಶಗಳು ಇಲ್ಲವಾಗಿರುತ್ತವೆ ಎಂದು ಗೊಮೆಜ್-ಇಸ್ಲಾ ಮತ್ತು ಸಂಗಡಿಗರು 1996ರಲ್ಲಿ ಎಣಿಸಿ ತೋರಿಸಿದರು. ಕಾಯಿಲೆ ತೀವ್ರವಾದವರಲ್ಲಿ ಆ ಪದರ ಹೆಚ್ಚುಕಡಿಮೆ ಬರಿದು. ಅನುಮಾನವೇನಿದ್ದರೂ ಆ ಸಾವು ಯಾವ ದಾರಿಯಲ್ಲಿ ಬಂತು ಎಂಬುದರ ಬಗ್ಗೆ.

ಶಂಕೆ ಮೊದಲು ಬಿದ್ದದ್ದು ಕ್ಯಾಸ್ಪೇಸ್ ಎಂಬ ಕಿಣ್ವಗಳ ಮೇಲೆ. ಬೇಡವಾದ ಜೀವಕೋಶವೊಂದು ತನ್ನನ್ನು ತಾನೇ ಅಚ್ಚುಕಟ್ಟಾಗಿ ಕಳಚಿಕೊಂಡು ಇಲ್ಲವಾಗಲು ಬಳಸುವ ಕಿಣ್ವಗಳಿವು. ಮೂವತ್ತು ವರ್ಷಗಳ ಹಿಂದೆ ತರ್ಕ ಸರಳವಾಗಿತ್ತು: ನರಕೋಶ ಸಾಯುತ್ತಿದೆ, ಸಾಯಿಸುವ ಕಿಣ್ವ ಯಾವುದೆಂದು ಗೊತ್ತಿದೆ, ಅದನ್ನು ತಡೆದರೆ ಕಾಯಿಲೆ ನಿಲ್ಲಬೇಕು. ಆ ತರ್ಕ ಕೈಗೂಡಲಿಲ್ಲ. ಹಾಗೆಂದು ಕ್ಯಾಸ್ಪೇಸ್‌ಗಳ ಮೇಲಿನ ಆರೋಪವೂ ಬಿದ್ದುಹೋಗಲಿಲ್ಲ. ಈವರೆಗಿನ ಸಾಕ್ಷ್ಯಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದರೆ ಕಾಣುವ ಚಿತ್ರವೇ ಬೇರೆ. ಆಲ್ಝೈಮರ್‌ನಲ್ಲಿ ಈ ಕಿಣ್ವಗಳ ಮುಖ್ಯ ಹಾನಿ ಕೊಲ್ಲುವುದಲ್ಲ. ಬದುಕಿರುವ ನರಕೋಶದೊಳಗೆ ವರ್ಷಗಟ್ಟಲೆ ಅಲ್ಲಲ್ಲಿ, ಸ್ವಲ್ಪಸ್ವಲ್ಪವೇ ಕತ್ತರಿಸುತ್ತ ಹೋಗುವುದು. ಸಾವು ಬರುವುದು ಆಮೇಲೆ. ಅದನ್ನು ತರುವ ಕಿಣ್ವಗಳು ಬೇರೆಯೂ ಆಗಿರಬಹುದು.

ಹುಳುವಿನಿಂದ ಮನುಷ್ಯನಿಗೆ

ಜೀವಕೋಶದ ಸಾವಿನಲ್ಲಿ ಎರಡು ಬಗೆಯುಂಟು ಎಂದು ಕೆರ್, ವೈಲಿ ಮತ್ತು ಕರಿ ಎಂಬ ಮೂವರು ರೋಗಶಾಸ್ತ್ರಜ್ಞರು 1972ರಲ್ಲಿ ವಿವರಿಸಿದರು. ಕೋಶ ಊದಿಕೊಂಡು ಒಡೆದು ಸುತ್ತಮುತ್ತ ಉರಿಯೂತ ಎಬ್ಬಿಸುವುದು ಒಂದು. ಕೋಶ ಕುಗ್ಗಿ, ಪೊರೆ ಸುತ್ತಿಕೊಂಡ ತುಣುಕುಗಳಾಗಿ ಒಡೆದು, ನೆರೆಯ ಕೋಶಗಳ ಬಾಯಿಗೆ ಬೀಳುವುದು ಇನ್ನೊಂದು. ಎರಡನೆಯದಕ್ಕೆ ಅವರು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಅದಕ್ಕೆ ಜೀನ್‌ಗಳ ಆದೇಶವಿದೆ ಎಂಬುದು ಗೊತ್ತಾದದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಿಂದ. ಸೀನೊರ್‍ಯಾಬ್ಡೈಟಿಸ್ ಎಲಿಗನ್ಸ್ ಎಂಬ ಆ ಹುಳು ಬೆಳೆಯುವಾಗ ಹುಟ್ಟುವ 1,090 ದೇಹಕೋಶಗಳಲ್ಲಿ ಸರಿಯಾಗಿ 131 ಸಾಯುತ್ತವೆ. ಪ್ರತಿ ಹುಳುವಿನಲ್ಲೂ ಅವೇ 131. ರಾಬರ್ಟ್ ಹಾರ್ವಿಟ್ಸ್ ಅವರ ಪ್ರಯೋಗಾಲಯ ಈ ಸಾವಿಗೆ ಬೇಕಾದ ಸೆಡ್-3 ಎಂಬ ಜೀನನ್ನು ಗುರುತಿಸಿತು. ಅದು ತಯಾರಿಸುವ ಪ್ರೋಟೀನು, ಮನುಷ್ಯರಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶವಾಹಕವನ್ನು ಸಿದ್ಧಪಡಿಸುವ ಕಿಣ್ವವನ್ನು ಹೋಲುತ್ತದೆ ಎಂದು 1993ರಲ್ಲಿ ಜುನ್‌ಯಿಂಗ್ ಯುವಾನ್ ಮತ್ತು ಸಹೋದ್ಯೋಗಿಗಳು ಕಂಡರು. ಹೀಗೆ ಸಾವಿನ ಕಿಣ್ವವೂ ಉರಿಯೂತದ ಕಿಣ್ವವೂ ಮೊದಲ ದಿನದಿಂದಲೇ ನೆಂಟರು. ಬ್ರೆನರ್, ಹಾರ್ವಿಟ್ಸ್, ಸಲ್ಸ್‌ಟನ್ ಮೂವರಿಗೂ ಈ ಹುಳುವಿನ ಕೆಲಸಕ್ಕಾಗಿ 2002ರಲ್ಲಿ ನೊಬೆಲ್ ಬಂತು.

ಮನುಷ್ಯರಲ್ಲಿ ಈ ಕುಟುಂಬದ ಸುಮಾರು ಒಂದು ಡಜನ್ ಸದಸ್ಯರಿದ್ದಾರೆ. ಪ್ರೋಟೀನ್ ಸರಪಳಿಯಲ್ಲಿ ಆಸ್ಪಾರ್ಟಿಕ್ ಆಮ್ಲವಿರುವ ಜಾಗವನ್ನು ಹುಡುಕಿ ಅದರ ಬೆನ್ನಿಗೇ ಕತ್ತರಿಸುವುದು ಇವೆಲ್ಲವುಗಳ ಕಸುಬು. ಕ್ಯಾಸ್ಪೇಸ್-8, 9ರಂಥವು ಕೆಲಸಕ್ಕೆ ಚಾಲನೆ ಕೊಡುತ್ತವೆ. 3, 6 ಮತ್ತು 7 ಅದನ್ನು ನೆರವೇರಿಸುತ್ತವೆ. 1, 4 ಮತ್ತು 5 ಉರಿಯೂತದ ಪಾಳಿಯವು. ಕ್ಯಾಸ್ಪೇಸ್-2 ಚಾಲಕರ ಸಾಲಿನದಾದರೂ ಯಾವ ಸಾಲಿಗೂ ಪೂರ್ತಿ ಒಗ್ಗುವುದಿಲ್ಲ. ಕೋಶದ ಹೊರಗಿನಿಂದ ಬಂದ ಸಾವಿನ ಸಂಕೇತ ಕ್ಯಾಸ್ಪೇಸ್-8ನ್ನು ಎಬ್ಬಿಸುತ್ತದೆ. ಒಳಗೇ ಏನಾದರೂ ಕೆಟ್ಟಾಗ ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್-ಸಿ ಸೋರಿ, ಅಪಾಫ್-1 ಎಂಬ ಪ್ರೋಟೀನಿನ ಜೊತೆಗೂಡಿ ಕ್ಯಾಸ್ಪೇಸ್-9ನ್ನು ಎಬ್ಬಿಸುತ್ತದೆ. ಎರಡು ದಾರಿಯೂ ಕ್ಯಾಸ್ಪೇಸ್-3ರಲ್ಲಿ ಕೂಡುತ್ತವೆ. ಸೋರಿಕೆಯನ್ನು ತಡೆಯಲು ಬಿಸಿಎಲ್-2 ಪ್ರೋಟೀನಿದೆ. ಎದ್ದ ಕ್ಯಾಸ್ಪೇಸ್‌ಗಳನ್ನು ಹಿಡಿದು ಕೂರಿಸಲು ಎಕ್ಸ್‌ಐಎಪಿ ಎಂಬ ಇನ್ನೊಂದಿದೆ.

ನರಕೋಶದ ಪಾಡು ಉಳಿದ ಕೋಶಗಳಂತಲ್ಲ. ಭ್ರೂಣದಲ್ಲಿ ಮಿದುಳು ಕಟ್ಟುವಾಗ ಅಪಾರ ಸಂಖ್ಯೆಯ ನರಕೋಶಗಳು ಕ್ಯಾಸ್ಪೇಸ್‌ಗಳ ಮೂಲಕವೇ ಸಾಯುತ್ತವೆ. ಆದರೆ ಒಮ್ಮೆ ಜಾಲದಲ್ಲಿ ನೆಲೆಗೊಂಡ ನರಕೋಶ ಎಂಬತ್ತು ವರ್ಷ ಬಾಳಬೇಕು. ಅದು ಸತ್ತರೆ ಆ ಜಾಗಕ್ಕೆ ಇನ್ನೊಂದು ಬಾರದು. ಹಾಗಾಗಿ ಬೆಳೆದ ನರಕೋಶದಲ್ಲಿ ಅಪಾಫ್-1 ತೀರ ಕಡಿಮೆ, ತಡೆಗಳು ಬಲು ಬಿಗಿ. ಅಂಥ ಕೋಶದಲ್ಲಿ ಕ್ಯಾಸ್ಪೇಸ್ ಎದ್ದಿತೆಂದರೆ ಸಾವು ಖಚಿತವಾಯಿತು ಎಂದು ಹೇಳಲಾಗದು. ಮುಂದೆ ಬಂದ ಗೊಂದಲಕ್ಕೆಲ್ಲ ಮೂಲ ಇದೇ.

ತಾಳೆಯಾಗದ ಲೆಕ್ಕ

ಆಲ್ಝೈಮರ್ ಮಿದುಳಿನಲ್ಲಿ ಒಟ್ಟುಗೂಡುವ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನ್ ತುಣುಕನ್ನು ಸುರಿದರೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳು ಅಪೊಪ್ಟೋಸಿಸ್‌ನಿಂದ ಸಾಯುತ್ತವೆ ಎಂದು 1993ರಲ್ಲಿ ಕಾಟ್‌ಮನ್ ಅವರ ತಂಡ ತೋರಿಸಿತು. ಅದರ ಬೆನ್ನಲ್ಲೇ ರೋಗಿಗಳ ಮಿದುಳಿನ ಮೇಲೆ ಟನೆಲ್ ಎಂಬ ಪರೀಕ್ಷೆ ನಡೆಯಿತು. ತುಂಡಾದ ಡಿಎನ್‌ಎಗೆ ಬಣ್ಣ ಹಚ್ಚಿ, ಸಾಯುತ್ತಿರುವ ಕೋಶಗಳನ್ನು ಗುರುತಿಸುವ ವಿಧಾನವದು. ಆಲ್ಝೈಮರ್ ಮಿದುಳುಗಳಲ್ಲಿ ಬಣ್ಣ ಹಿಡಿದ ನರಕೋಶಗಳು ಬೇಕಾದಷ್ಟು ಸಿಕ್ಕವು. ಅಪರಾಧಿ ಸಿಕ್ಕಿಬಿದ್ದಂತೆಯೇ ಕಂಡಿತು.

ತೊಂದರೆ ತಂದದ್ದು ಸರಳ ಗಣಿತ. ಅಪೊಪ್ಟೋಸಿಸ್ ಶುರುವಾದರೆ ಕೆಲವು ಗಂಟೆಗಳಿಂದ ಒಂದೆರಡು ದಿನದೊಳಗೆ ಮುಗಿದುಹೋಗುತ್ತದೆ. ಯಾವುದೋ ಒಂದು ಗಳಿಗೆಯಲ್ಲಿ ನೂರಕ್ಕೆ ಒಂದು ನರಕೋಶ ಆ ಸ್ಥಿತಿಯಲ್ಲಿದ್ದರೂ, ಅದೇ ವೇಗದಲ್ಲಿ ಕೆಲವೇ ತಿಂಗಳಲ್ಲಿ ಮಿದುಳಿನ ಆ ಭಾಗ ಬಹುಪಾಲು ಬರಿದಾಗಬೇಕು. ಆಲ್ಝೈಮರ್ ಹತ್ತು ವರ್ಷ ಎಳೆಯುವ ಕಾಯಿಲೆ. 1998ರಲ್ಲಿ ಪೆರಿ, ನುನೊಮುರ ಮತ್ತು ಸ್ಮಿತ್ ಈ ಲೆಕ್ಕವನ್ನು ಮುಂದಿಟ್ಟು ಕ್ಷೇತ್ರವನ್ನು ಎಚ್ಚರಿಸಿದರು. ಸಾಯುವ ಹೊತ್ತಿನ ಆಮ್ಲಜನಕದ ಕೊರತೆ, ಸತ್ತ ಮೇಲೆ ಶವಪರೀಕ್ಷೆಗೆ ಆಗುವ ತಡ, ಇವೂ ಡಿಎನ್‌ಎಯನ್ನು ತುಂಡರಿಸುತ್ತವೆ. ಟನೆಲ್‌ಗೆ ಅದರ ವ್ಯತ್ಯಾಸ ತಿಳಿಯದು ಎಂಬುದೂ ಮನದಟ್ಟಾಯಿತು. 1999ರಲ್ಲಿ ಸ್ಟಾಡೆಲ್‌ಮನ್ ಮತ್ತಿತರರು ಎಚ್ಚೆತ್ತ ಕ್ಯಾಸ್ಪೇಸ್-3ನ್ನೇ ಹುಡುಕುವ ಪ್ರತಿಕಾಯ ಬಳಸಿದಾಗ, ಹಿಪ್ಪೊಕ್ಯಾಂಪಸ್‌ನಲ್ಲಿ ನಿಜವಾಗಿ ಅಪೊಪ್ಟೋಸಿಸ್‌ಗೆ ಒಳಗಾದ ನರಕೋಶ ಸಿಕ್ಕಿದ್ದು ಸಾವಿರಾರರಲ್ಲಿ ಒಂದು. ಆದರೆ ಅದೇ ಕ್ಯಾಸ್ಪೇಸ್-3, ಸಾಯುವ ಲಕ್ಷಣವೇ ಇಲ್ಲದ ಅನೇಕ ನರಕೋಶಗಳ ಒಳಗೆ, ಪೊರೆ ಸುತ್ತಿದ ಸಣ್ಣ ಕಣಗಳಲ್ಲಿ ಸೇರಿಕೊಂಡಿತ್ತು. ಈ ಕಣಗಳ ಮಾತು ಮುಂದೆ ಮತ್ತೆ ಬರುತ್ತದೆ.

ಅದೇ ವರ್ಷ ಮೋರ್ಶ್, ಸೈಮನ್ ಮತ್ತು ಕೋಲ್‌ಮನ್ ಇನ್ನೊಂದು ಅಂದಾಜು ಕೊಟ್ಟರು: ಕೋಶದೊಳಗೆ ಕಟ್ಟಿಕೊಳ್ಳುವ ಟೌ ಎಂಬ ಪ್ರೋಟೀನಿನ ಸಿಕ್ಕುಗಳನ್ನು ಹೊತ್ತ ಹಿಪ್ಪೊಕ್ಯಾಂಪಸ್ ನರಕೋಶ ಎರಡು ದಶಕಗಳಷ್ಟು ಕಾಲ ಬದುಕಿರಬಲ್ಲದು. ಕ್ಯಾಸ್ಪೇಸ್ ಕತ್ತರಿಸಿದ ಆಕ್ಟಿನ್, ಕತ್ತರಿಸಿದ ಟೌ, ಕತ್ತರಿಸಿದ ಅಮೈಲಾಯ್ಡ್ ಪೂರ್ವಪ್ರೋಟೀನು ರೋಗಿಗಳ ಮಿದುಳಿನಲ್ಲಿ ಹೇರಳವಾಗಿ ಸಿಗುತ್ತಲೇ ಬಂದವು. ಅವು ಸಿಕ್ಕ ಕೋಶಗಳಾದರೋ ಬದುಕಿದ್ದವು. ಕಿಣ್ವ ಕೆಲಸ ಮಾಡಿದೆ, ಸಾವು ಆಗಿಲ್ಲ. ಹಾಗಾದರೆ ಕಿಣ್ವ ಅಲ್ಲಿ ಏನು ಮಾಡುತ್ತಿತ್ತು?

ಅಮೈಲಾಯ್ಡ್‌ನ ಸುತ್ತ

ಅಮೈಲಾಯ್ಡ್ ಪೂರ್ವಪ್ರೋಟೀನು ನರಕೋಶದ ಪೊರೆಯನ್ನು ಹಾಯ್ದು ನಿಂತಿರುತ್ತದೆ. ಅದನ್ನು ಬೀಟಾ ಮತ್ತು ಗಾಮಾ ಸೆಕ್ರಿಟೇಸ್‌ಗಳು ಒಂದಾದ ಮೇಲೊಂದು ಕತ್ತರಿಸಿದಾಗ ಹುಟ್ಟುವ ತುಣುಕೇ ಬೀಟಾ ಅಮೈಲಾಯ್ಡ್. ಅದು ಕೋಶದ ಹೊರಗೆ ಒಟ್ಟುಗೂಡಿ ಪ್ಲೇಕ್ ಆಗುತ್ತದೆ. ಇದೇ ಪ್ರೋಟೀನಿನ ಒಳಬಾಲವನ್ನು ಕ್ಯಾಸ್ಪೇಸ್‌ಗಳೂ ಕತ್ತರಿಸುತ್ತವೆ ಎಂದು 1999ರಲ್ಲಿ ಗೊತ್ತಾಯಿತು. ನರಕೋಶಗಳಲ್ಲಿರುವ 695 ಅಮೈನೋ ಆಮ್ಲಗಳ ಆವೃತ್ತಿಯಲ್ಲಿ ಕತ್ತರಿಸುವ ಜಾಗ 664ನೆಯದು. ಹಾಗಾಗಿ ಕೊನೆಯಲ್ಲಿ ಬೇರೆಯಾಗುವ ತುಣುಕಿನ ಉದ್ದ 31. ಸಿ31 ಎಂದು ಕರೆಯಲಾದ ಈ ತುಣುಕು ಸ್ವತಃ ವಿಷ ಎಂದು 2000ದಲ್ಲಿ ಬ್ರೆಡೆಸನ್ ಅವರ ತಂಡ ವರದಿ ಮಾಡಿತು.

ಪರೀಕ್ಷೆಗೆ ದಾರಿ ಸುಲಭವಿತ್ತು. 664ನೆಯ ಜಾಗದ ಆಸ್ಪಾರ್ಟಿಕ್ ಆಮ್ಲವನ್ನು ಬದಲಿಸಿ, ಕ್ಯಾಸ್ಪೇಸ್ ಕತ್ತರಿಸಲಾಗದ ಪ್ರೋಟೀನಿರುವ ಇಲಿಗಳನ್ನು ಸೃಷ್ಟಿಸಿದರಾಯಿತು. 2006ರಲ್ಲಿ ಬಂದ ಫಲಿತಾಂಶ ಬೆರಗು ಹುಟ್ಟಿಸಿತು: ಆ ಇಲಿಗಳ ಮಿದುಳಿನಲ್ಲಿ ಪ್ಲೇಕ್‌ಗಳು ಎಂದಿನಂತೆಯೇ ತುಂಬಿದ್ದರೂ ನರಕೋಶಗಳು ಒಂದಕ್ಕೊಂದು ಸುದ್ದಿ ದಾಟಿಸುವ ಸಂದುಗಳಾದ ಸಿನಾಪ್ಸ್‌ಗಳೂ ನೆನಪೂ ಉಳಿದಿದ್ದವು. ಅಮೈಲಾಯ್ಡ್ ಅಲ್ಲ, ಕ್ಯಾಸ್ಪೇಸ್‌ನ ಒಂದು ಏಟೇ ಕಾಯಿಲೆಗೆ ಕಾರಣವೆಂದು ಹೇಳುವಷ್ಟು ಬಲವಾದ ಸಾಕ್ಷ್ಯ ಅದು. ಆದರೆ 2010ರಲ್ಲಿ ಹೆಚ್ಚು ಇಲಿಗಳ ಮೇಲೆ, ಹೆಚ್ಚು ಬಿಗಿಯಾದ ಹೋಲಿಕೆಗಳೊಂದಿಗೆ ಲೆನಾರ್ಟ್ ಮುಕೆ ಅವರ ಪ್ರಯೋಗಾಲಯ ಮಾಡಿದ ಅಧ್ಯಯನದಲ್ಲಿ ಆ ರಕ್ಷಣೆ ಬಹುಪಾಲು ಕಾಣಲಿಲ್ಲ. ಸಿ31ರ ಕತೆ ಅಲ್ಲಿಗೆ ಮಂಕಾಯಿತು.

ಇದಕ್ಕಿಂತ ಗಟ್ಟಿಯಾಗಿ ನಿಂತ ನಂಟು ಇನ್ನೊಂದಿದೆ. ಬೀಟಾ ಸೆಕ್ರಿಟೇಸ್‌ನ ಕೆಲಸ ಮುಗಿದ ಮೇಲೆ ಅದನ್ನು ಕೋಶದ ಕಸ ಕರಗಿಸುವ ಲೈಸೊಸೋಮ್‌ಗೆ ಸಾಗಿಸುವುದು ಜಿಜಿಎ3 ಎಂಬ ಪ್ರೋಟೀನು. ಅದನ್ನು ಕ್ಯಾಸ್ಪೇಸ್-3 ಕತ್ತರಿಸುತ್ತದೆ ಎಂದು 2007ರಲ್ಲಿ ಜೂಸೆಪಿನಾ ಟೆಸ್ಕೊ ಮತ್ತು ಸಂಗಡಿಗರು ತೋರಿಸಿದರು. ಸಾಗಣೆ ನಿಂತರೆ ಬೀಟಾ ಸೆಕ್ರಿಟೇಸ್ ಕೋಶದಲ್ಲೇ ಉಳಿಯುತ್ತದೆ, ಅಮೈಲಾಯ್ಡ್ ಹೆಚ್ಚುತ್ತದೆ, ಹೆಚ್ಚಿದ ಅಮೈಲಾಯ್ಡ್ ಮತ್ತೆ ಕ್ಯಾಸ್ಪೇಸನ್ನು ಎಬ್ಬಿಸುತ್ತದೆ. ಕಾರಣವೇ ಪರಿಣಾಮವಾಗಿ, ಪರಿಣಾಮವೇ ಕಾರಣವಾಗಿ ಸುತ್ತುವ ಈ ಚಕ್ರ ಕ್ಯಾಸ್ಪೇಸ್‌ಗಳ ಸ್ಥಾನವನ್ನು ಚೆನ್ನಾಗಿ ತಿಳಿಸುತ್ತದೆ. ಮನೆತನದಲ್ಲಿ ಹರಿದುಬರುವ ಆಲ್ಝೈಮರ್‌ಗೆ ಕಾರಣವಾಗುವ ಮೂರು ಜೀನ್‌ಗಳು ಅಮೈಲಾಯ್ಡ್ ಪೂರ್ವಪ್ರೋಟೀನು, ಪ್ರೆಸೆನಿಲಿನ್-1 ಮತ್ತು ಪ್ರೆಸೆನಿಲಿನ್-2. ಆ ಪಟ್ಟಿಯಲ್ಲಿ ಕ್ಯಾಸ್ಪೇಸ್ ಇಲ್ಲ. ಕಾಯಿಲೆಯನ್ನು ಹುಟ್ಟಿಸುವುದು ಕ್ಯಾಸ್ಪೇಸ್‌ಗಳ ಪಾತ್ರವಲ್ಲ, ಹುಟ್ಟಿದ ಕಾಯಿಲೆಗೆ ವೇಗ ಕೊಡುವುದು.

ಟೌ: ಯಾವ ಜಾಗದಲ್ಲಿ ಕತ್ತರಿಸಿತು ಎಂಬುದೇ ಮುಖ್ಯ

ನರಕೋಶದ ಉದ್ದನೆಯ ಚಾಚುಗಳಲ್ಲಿ ಸಾಗಣೆಯ ಹಳಿಗಳಾಗಿರುವ ಮೈಕ್ರೋಟ್ಯೂಬ್ಯೂಲ್‌ಗಳಿಗೆ ಟೌ ಪ್ರೋಟೀನು ಅಂಟಿಕೊಂಡಿರುತ್ತದೆ. ಆಲ್ಝೈಮರ್‌ನಲ್ಲಿ ಅದು ಹಳಿ ಬಿಟ್ಟು ಒಂದಕ್ಕೊಂದು ಹೆಣೆದುಕೊಂಡು ಸಿಕ್ಕಾಗುತ್ತದೆ. ಟೌವಿನ 421ನೆಯ ಜಾಗದಲ್ಲಿ ಕ್ಯಾಸ್ಪೇಸ್‌ಗಳು ಕತ್ತರಿಸಿದರೆ ಕೊನೆಯ 20 ಅಮೈನೋ ಆಮ್ಲಗಳು ಉದುರುತ್ತವೆ. ಉಳಿದ ಟೌ ಇನ್ನಷ್ಟು ಬೇಗ ಹೆಣೆದುಕೊಳ್ಳುತ್ತದೆ ಎಂದು 2003ರಲ್ಲಿ ಗ್ಯಾಂಬ್ಲಿನ್ ಮತ್ತು ಸಂಗಡಿಗರು ತೋರಿಸಿದರು. ಮರುವರ್ಷ ಬಂದ ಇನ್ನೊಂದು ಅಧ್ಯಯನ, ಈ ಕತ್ತರಿಕೆ ಸಿಕ್ಕಿನ ಇತಿಹಾಸದಲ್ಲಿ ಬಲು ಮೊದಲೇ ಆಗುವ ಘಟನೆ ಎಂದಿತು.

ಇದನ್ನು ಕಣ್ಣಾರೆ ಕಂಡವರು ಬ್ರಾಡ್ಲಿ ಹೈಮನ್ ಅವರ ಬಾಸ್ಟನ್ ತಂಡದವರು. ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬದುಕಿರುವ ಇಲಿಯ ತಲೆಬುರುಡೆಯಲ್ಲಿ ಸಣ್ಣ ಕಿಟಕಿ ತೆರೆದು, ಅದೇ ನರಕೋಶಗಳನ್ನು ದಿನದಿಂದ ದಿನಕ್ಕೆ ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಲಾಗಿತ್ತು. ಮೊದಲು ಕ್ಯಾಸ್ಪೇಸ್ ಎದ್ದಿತು. ಆಮೇಲೆ, ಒಂದು ದಿನದೊಳಗಾಗಿ, ಸಿಕ್ಕು ಕಾಣಿಸಿಕೊಂಡಿತು. ಸಿಕ್ಕು ಕಾಣಿಸಿಕೊಂಡ ನರಕೋಶ ಸಾಯಲಿಲ್ಲ, ನೋಡನೋಡುತ್ತ ಉಳಿದೇ ಉಳಿಯಿತು. ಕ್ಯಾಸ್ಪೇಸ್ ಸಾವಿನ ಹೊಸಿಲಲ್ಲಿ ಬರುವ ಕಿಣ್ವ ಎಂಬ ಹಳೆಯ ಎಣಿಕೆಯನ್ನು ಈ ಒಂದು ಪ್ರಯೋಗ ತಲೆಕೆಳಗು ಮಾಡಿತು.

ಕೆರೆನ್ ಆಶ್ ಅವರ ಮಿನೆಸೋಟ ತಂಡ 2016ರಲ್ಲಿ ಚಿತ್ರವನ್ನು ಇನ್ನಷ್ಟು ತಿರುಗಿಸಿತು. ಟೌವನ್ನು 314ನೆಯ ಜಾಗದಲ್ಲಿ ಕತ್ತರಿಸುವುದು ಕ್ಯಾಸ್ಪೇಸ್-2. ಹಾಗೆ ಕತ್ತರಿಸಿದ ಟೌ ಸಿಕ್ಕಾಗಲು ಒಲ್ಲದು. ಆದರೂ ನೆನಪಿಗೆ ಹಾನಿ ಅದರಿಂದಲೇ, ಏಕೆಂದರೆ ಆ ತುಣುಕು ಸಿನಾಪ್ಸ್‌ಗಳೊಳಗೆ ನುಗ್ಗಲು ಟೌವಿಗೆ ಅವಕಾಶ ಮಾಡಿಕೊಡುತ್ತದೆ. ಆ ಜಾಗದಲ್ಲಿ ಕತ್ತರಿಸಲಾಗದ ಟೌ ಇರುವ ಇಲಿಗಳಲ್ಲಿ ನೆನಪು ಕೆಡಲಿಲ್ಲ. ಕೆಟ್ಟ ಮೇಲೆ ಕ್ಯಾಸ್ಪೇಸ್-2ನ್ನು ತಗ್ಗಿಸಿದಾಗ ನೆನಪು ಸುಧಾರಿಸಿತು. ಶವಪರೀಕ್ಷೆಯಲ್ಲಿ ಕಣ್ಣಿಗೆ ಹೊಡೆದು ಕಾಣುವ ಸಿಕ್ಕು ಒಂದು, ನೆನಪನ್ನು ನಿಜವಾಗಿ ಕೆಡಿಸುವ ತುಣುಕು ಇನ್ನೊಂದು ಇರಬಹುದೆಂಬುದು ಈ ಕೆಲಸದ ಪಾಠ.

ಸಿನಾಪ್ಸ್‌ನಲ್ಲಿ

ಮರೆವಿನ ತೀವ್ರತೆಯೊಂದಿಗೆ ಅತಿ ನಿಕಟವಾಗಿ ಹೊಂದುವುದು ಪ್ಲೇಕ್‌ಗಳ ಸಂಖ್ಯೆಯಲ್ಲ, ಸಿನಾಪ್ಸ್‌ಗಳ ನಷ್ಟ ಎಂದು ರಾಬರ್ಟ್ ಟೆರಿ ಮತ್ತು ಸಂಗಡಿಗರು 1991ರಲ್ಲೇ ಹೇಳಿದ್ದರು. ಕ್ಯಾಸ್ಪೇಸ್‌ಗಳ ಕತೆಯೂ ಕೊನೆಗೆ ಅಲ್ಲಿಗೇ ಬಂದು ನಿಂತಿದೆ. ಆರೋಗ್ಯವಂತ ಮಿದುಳಿನಲ್ಲಿ ಸಿನಾಪ್ಸ್ ಒಂದನ್ನು ಬೇಕೆಂದೇ ದುರ್ಬಲಗೊಳಿಸುವ ಪ್ರಕ್ರಿಯೆಗೆ ಕ್ಯಾಸ್ಪೇಸ್-3 ಬೇಕು ಎಂದು ಮಾರ್ಗನ್ ಶೆಂಗ್ ಅವರ ತಂಡ 2010ರಲ್ಲಿ ತೋರಿಸಿತು. ಅಲ್ಲಿ ಕಿಣ್ವ ಏಳುವುದು ಅಲ್ಪ ಪ್ರಮಾಣದಲ್ಲಿ, ಅಲ್ಪ ಕಾಲ, ಕೋಶಕ್ಕೆ ಅಪಾಯವಿಲ್ಲ. ಕಲಿಕೆಗೆ ಸಿನಾಪ್ಸ್ ಬಲಗೊಳ್ಳುವಷ್ಟೇ ದುರ್ಬಲಗೊಳ್ಳುವುದೂ ಬೇಕಾದ್ದರಿಂದ ಇದು ಮಿದುಳಿನ ನಿತ್ಯದ ಕೆಲಸಗಳಲ್ಲೊಂದು.

ಆ ನಿತ್ಯದ ಕೆಲಸ ಹದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ರೋಮ್‌ನ ದಮೇಲಿಯೊ ಮತ್ತು ಸಂಗಡಿಗರ 2011ರ ಅಧ್ಯಯನ ಉತ್ತರ ಕೊಟ್ಟಿತು. ಅಮೈಲಾಯ್ಡ್ ಹೆಚ್ಚಾಗುವಂತೆ ರೂಪಿಸಿದ ಇಲಿಗಳಿಗೆ ಮೂರು ತಿಂಗಳಾದಾಗ, ಪ್ಲೇಕ್‌ಗಳು ಕಾಣುವುದಕ್ಕಿಂತ ಬಹಳ ಮೊದಲೇ, ಹಿಪ್ಪೊಕ್ಯಾಂಪಸ್‌ನ ನರಕೋಶಗಳು ಸುದ್ದಿ ಪಡೆಯುವ ಕವಲುಗಳಾದ ಡೆಂಡ್ರೈಟ್‌ಗಳ ಮೇಲಿನ ಸೂಕ್ಷ್ಮ ಮುಳ್ಳುಗಳಲ್ಲಿ ಕ್ಯಾಸ್ಪೇಸ್-3 ಎದ್ದಿತ್ತು. ಅದು ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಚುರುಕುಗೊಳಿಸಿತು. ಆ ಕಿಣ್ವ ಗ್ಲುಟಮೇಟ್ ಗ್ರಾಹಕಗಳನ್ನು ಸಿನಾಪ್ಸ್‌ನಿಂದ ಕಿತ್ತಿತು. ಮುಳ್ಳುಗಳು ಕುಗ್ಗಿದವು, ಇಲಿಗಳು ಮರೆತವು. ನರಕೋಶ ಒಂದೂ ಸತ್ತಿರಲಿಲ್ಲ. ಕ್ಯಾಸ್ಪೇಸ್-3ನ್ನು ತಡೆಯುವ ರಾಸಾಯನಿಕ ಕೊಟ್ಟಾಗ ಹಾನಿ ಹಿಮ್ಮೆಟ್ಟಿತು. 2013ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಕ್ಯಾಸ್ಪೇಸ್-2ರ ಜೀನನ್ನೇ ತೆಗೆದ ಇಲಿಗಳಲ್ಲಿ ಇದೇ ಬಗೆಯ ರಕ್ಷಣೆಯನ್ನು ಕಂಡಿತು. ಅಮೈಲಾಯ್ಡ್ ಅಷ್ಟೇ ಇತ್ತು, ಮುಳ್ಳುಗಳು ಮಾತ್ರ ಉಳಿದವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ 2018ರಲ್ಲಿ ಪ್ರಕಟಿಸಿದ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಆ ಮುಳ್ಳುಗಳಿಗೆ ಆಕಾರ ಕೊಡುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು. ಆಲ್ಝೈಮರ್ ಮಾದರಿಯ ಎಳೆಯ ಇಲಿಗಳಲ್ಲೇ, ಪ್ಲೇಕ್ ಬರುವ ಮುನ್ನವೇ, ಆ ಎಳೆಗಳು ಬಿಚ್ಚಿಕೊಳ್ಳುತ್ತವೆ ಎಂದೂ, ಅವನ್ನು ಉಳಿಸಿಕೊಂಡರೆ ವರ್ತನೆಯೂ ಸುಧಾರಿಸುತ್ತದೆ ಎಂದೂ ಅವರು ತೋರಿಸಿದರು. ಅದು ಕ್ಯಾಸ್ಪೇಸ್‌ಗಳ ಕುರಿತ ಅಧ್ಯಯನವಲ್ಲ. ಆದರೂ ಕಾಯಿಲೆಯ ಮೊದಲ ಪೆಟ್ಟು ಬೀಳುವ ಜಾಗ ಯಾವುದೆಂಬ ವಿಚಾರದಲ್ಲಿ ಎರಡೂ ಒಂದೇ ಕಡೆ ಬೊಟ್ಟು ಮಾಡುತ್ತವೆ.

ಕ್ಯಾಸ್ಪೇಸ್-6 ಮತ್ತು ಹಿಂಪಡೆದ ಒಂದು ಪ್ರಬಂಧ

ಮಾಂಟ್ರಿಯಲ್‌ನ ಆಂಡ್ರೆಯಾ ಲೆಬ್ಲಾಂಕ್ ಎರಡು ದಶಕಗಳಿಗೂ ಮೀರಿ ಕ್ಯಾಸ್ಪೇಸ್-6ರ ಬೆನ್ನು ಹತ್ತಿದವರು. ಆಲ್ಝೈಮರ್ ಮಿದುಳಿನ ಸಿಕ್ಕುಗಳಲ್ಲೂ ಪ್ಲೇಕ್‌ಗಳ ಸುತ್ತಲಿನ ಕೆಟ್ಟ ನರತಂತುಗಳಲ್ಲೂ ಅದು ಎಚ್ಚೆತ್ತಿರುತ್ತದೆ. ಡಿಮೆನ್ಶಿಯಾ ಇಲ್ಲದೆ ತೀರಿಕೊಂಡ ಕೆಲವು ವೃದ್ಧರ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲೂ ಅದು ಎಚ್ಚೆತ್ತಿತ್ತು. ಅದು ಹೆಚ್ಚಿದ್ದವರ ನೆನಪಿನ ಪರೀಕ್ಷೆಯ ಅಂಕ ಕಡಿಮೆಯಿತ್ತು. ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಮನುಷ್ಯರ ಕ್ಯಾಸ್ಪೇಸ್-6 ಮಾತ್ರವೇ ತಯಾರಾಗುವಂತೆ ಮಾಡಿದಾಗ, ಪ್ಲೇಕೂ ಇಲ್ಲದೆ ಸಿಕ್ಕೂ ಇಲ್ಲದೆ ವಯಸ್ಸಾದಂತೆ ನೆನಪು ಕೆಟ್ಟಿತು.

ಇದೇ ಕಿಣ್ವಕ್ಕೆ ಅತಿ ಹೆಚ್ಚು ಪ್ರಚಾರ ತಂದ ಪ್ರಬಂಧ 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದದ್ದು. ಅಮೈಲಾಯ್ಡ್ ಪೂರ್ವಪ್ರೋಟೀನಿನ ತುಣುಕೊಂದು ಡಿಆರ್-6 ಎಂಬ ಸಾವಿನ ಗ್ರಾಹಕಕ್ಕೆ ಅಂಟಿ, ಕ್ಯಾಸ್ಪೇಸ್-6ರ ಮೂಲಕ ನರಕೋಶದ ಉದ್ದನೆಯ ಚಾಚುಗಳಾದ ಆಕ್ಸಾನ್‌ಗಳನ್ನು ನಾಶಮಾಡುತ್ತದೆ ಎಂದು ಅದು ಹೇಳಿತ್ತು. ಚಿತ್ರಗಳು ಮತ್ತು ದತ್ತಾಂಶದ ಬಗ್ಗೆ ಎದ್ದ ಪ್ರಶ್ನೆಗಳ ವಿಚಾರಣೆ ನಡೆದು, 2023ರ ಡಿಸೆಂಬರ್‌ನಲ್ಲಿ ಆ ಪ್ರಬಂಧವನ್ನು ಹಿಂಪಡೆಯಲಾಯಿತು. ಈಗ ಈ ಕ್ಷೇತ್ರವನ್ನು ಓದುವವರು ಎರಡನ್ನು ಬೇರ್ಪಡಿಸಿಕೊಳ್ಳಬೇಕು. ಡಿಆರ್-6ರ ಕೊಂಡಿಯನ್ನು ಆಧಾರವಾಗಿ ಬಳಸುವಂತಿಲ್ಲ. ಕ್ಯಾಸ್ಪೇಸ್-6ಕ್ಕೂ ಆಕ್ಸಾನ್‌ಗಳ ಹಾನಿಗೂ ಇರುವ ಸಂಬಂಧ ಮಾತ್ರ ಬೇರೆ ಪ್ರಯೋಗಾಲಯಗಳ ಬೇರೆ ಸಾಕ್ಷ್ಯದ ಮೇಲೆ ನಿಂತಿದೆ. ಹೆಸರಾಂತ ಪ್ರಬಂಧ ಬಿದ್ದಾಗ ಅದರ ಜೊತೆಗೆ ಇಡೀ ವಿಷಯವನ್ನೇ ಎಸೆಯುವುದೂ ತಪ್ಪು, ಬಿದ್ದದ್ದನ್ನು ಕಾಣದಂತೆ ಉಲ್ಲೇಖಿಸುತ್ತ ಹೋಗುವುದೂ ತಪ್ಪು.

ಉರಿಯೂತದ ಕಡೆಯಿಂದ

ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳು ಅಮೈಲಾಯ್ಡನ್ನು ನುಂಗಿದಾಗ ಅವುಗಳೊಳಗೆ ಎನ್‌ಎಲ್‌ಆರ್‌ಪಿ3 ಎಂಬ ಜೋಡಣೆ ಏಳುತ್ತದೆ. ಅದು ಕ್ಯಾಸ್ಪೇಸ್-1ನ್ನು ಎಬ್ಬಿಸಿ ಇಂಟರ್‌ಲ್ಯೂಕಿನ್-1 ಬೀಟಾ ಹೊರಬರುವಂತೆ ಮಾಡುತ್ತದೆ. 2013ರಲ್ಲಿ ಮಿಖಾಯೆಲ್ ಹೆನೆಕಾ ಅವರ ತಂಡ ಆಲ್ಝೈಮರ್ ಮಾದರಿ ಇಲಿಗಳಲ್ಲಿ ಎನ್‌ಎಲ್‌ಆರ್‌ಪಿ3 ಅಥವಾ ಕ್ಯಾಸ್ಪೇಸ್-1 ಇಲ್ಲದಂತೆ ಮಾಡಿತು. ಅಮೈಲಾಯ್ಡ್ ಕಡಿಮೆಯಾಯಿತು, ನೆನಪು ಉಳಿಯಿತು. ಮೈಕ್ರೋಗ್ಲಿಯಾ ಉಗುಳಿದ ಪ್ರೋಟೀನ್ ಚುಕ್ಕೆಗಳೇ ಹೊಸ ಪ್ಲೇಕ್‌ಗಳಿಗೆ ಹೆಪ್ಪಾಗುತ್ತವೆ ಎಂದೂ ಅದೇ ತಂಡ 2017ರಲ್ಲಿ ತೋರಿಸಿತು. ಆಲ್ಝೈಮರ್‌ನ ಅಪಾಯ ಹೆಚ್ಚಿಸುವ ಟ್ರೆಮ್2ನಂಥ ಜೀನ್‌ಗಳು ಮೈಕ್ರೋಗ್ಲಿಯಾಗಳಲ್ಲಿ ಕೆಲಸ ಮಾಡುವಂಥವು. ಮನುಷ್ಯರ ತಳಿವಿಜ್ಞಾನದ ಒತ್ತಾಸೆ ಇರುವುದು ಈ ದಾರಿಗೆ.

ಇಲ್ಲಿಯೂ ಕೊಲ್ಲದ ಕ್ಯಾಸ್ಪೇಸ್‌ಗಳ ಮಾತೇ. ಕ್ಯಾಸ್ಪೇಸ್-8, 3 ಮತ್ತು 7 ಮೈಕ್ರೋಗ್ಲಿಯಾವನ್ನು ಸಾಯಿಸದೆ ಕೆರಳಿಸುತ್ತವೆ ಎಂದು 2011ರಲ್ಲಿ ಬುರ್ಗಿಲ್ಯೋಸ್ ಮತ್ತಿತರರು ಬರೆದರು. ಕೆರಳಿದ ಮೈಕ್ರೋಗ್ಲಿಯಾ ಉಗುಳುವ ವಸ್ತುಗಳು ಪಕ್ಕದ ನರಕೋಶಕ್ಕೆ ಮುಳುವಾಗುತ್ತವೆ.

ಕೊನೆಯ ಸಾವು ಯಾರದ್ದು?

ನರಕೋಶಗಳು ಕೊನೆಗೆ ಸಾಯುವುದಂತೂ ನಿಜ. ಅಪೊಪ್ಟೋಸಿಸ್ ಅಲ್ಲವಾದರೆ ಮತ್ತೇನು? ಈಗ ಮುಂಚೂಣಿಯಲ್ಲಿರುವ ಉತ್ತರ ನೆಕ್ರೊಪ್ಟೋಸಿಸ್. ಇದು ಕೂಡ ಆದೇಶದ ಸಾವೇ, ಆದರೆ ಕ್ಯಾಸ್ಪೇಸ್‌ಗಳಿಲ್ಲದೆ ಆಗುವಂಥದ್ದು. ರಿಪ್‌ಕೆ1 ಮತ್ತು ರಿಪ್‌ಕೆ3 ಎಂಬ ಕಿಣ್ವಗಳು ಎಂಎಲ್‌ಕೆಎಲ್ ಎಂಬ ಪ್ರೋಟೀನನ್ನು ಸಜ್ಜುಗೊಳಿಸುತ್ತವೆ. ಅದು ಕೋಶದ ಪೊರೆಯನ್ನು ತೂತು ಮಾಡುತ್ತದೆ. ಆಲ್ಝೈಮರ್ ಮಿದುಳಿನಲ್ಲಿ ಈ ಸಾಲು ಎಚ್ಚೆತ್ತಿದೆ ಎಂದು 2017ರಲ್ಲಿ ವರದಿಯಾಯಿತು. 1999ರಲ್ಲಿ ಕ್ಯಾಸ್ಪೇಸ್-3 ಸಿಕ್ಕ ಅದೇ ಬಗೆಯ ಕಣಗಳಲ್ಲಿ ನೆಕ್ರೊಪ್ಟೋಸಿಸ್‌ನ ಪ್ರೋಟೀನುಗಳೂ ಕೂಡಿಕೊಂಡಿರುತ್ತವೆ ಎಂದು 2020ರಲ್ಲಿ ಬೆಲ್ಜಿಯಂನ ಲೂವೆನ್‌ನ ತಂಡ ತೋರಿಸಿತು. ಅದೇ ಊರಿನ ಬಾರ್ಟ್ ಡಿ ಸ್ಟ್ರೂಪರ್ ಮತ್ತು ಸಂಗಡಿಗರು 2023ರಲ್ಲಿ ಮನುಷ್ಯರ ನರಕೋಶಗಳನ್ನು ಇಲಿಯ ಮಿದುಳಿನಲ್ಲಿ ನೆಟ್ಟು ಬೆಳೆಸಿದರು. ಅಮೈಲಾಯ್ಡ್‌ನ ನೆರೆಯಲ್ಲಿ ಇಲಿಯ ನರಕೋಶಗಳು ಉಳಿದವು, ಮನುಷ್ಯರವು ಸತ್ತವು. ನೆಕ್ರೊಪ್ಟೋಸಿಸ್ ತಡೆದಾಗ ಮನುಷ್ಯರವೂ ಉಳಿದವು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ನರಕೋಶದ ಸಾವು ಯಾಕೆ ಅಷ್ಟಾಗಿ ಕಾಣುತ್ತಿರಲಿಲ್ಲ ಎಂಬುದಕ್ಕೂ ಇದು ಸುಳಿವು.

ಕಬ್ಬಿಣ ಮತ್ತು ಕೊಬ್ಬಿನ ಉತ್ಕರ್ಷಣೆಯಿಂದ ಬರುವ ಫೆರೊಪ್ಟೋಸಿಸ್ ಇನ್ನೊಂದು ಅಭ್ಯರ್ಥಿ. ಮಿದುಳಿನ ಕಬ್ಬಿಣ ತಗ್ಗಿಸುವ ಡೆಫೆರಿಪ್ರೋನ್ ಔಷಧವನ್ನು ರೋಗಿಗಳಿಗೆ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು: ಔಷಧ ಪಡೆದವರ ಅರಿವು ಇನ್ನೂ ಬೇಗ ಇಳಿಯಿತು. ಪ್ರಯೋಗಾಲಯದ ಒಳ್ಳೆಯ ತರ್ಕ ರೋಗಿಯ ಪಾಲಿಗೆ ಒಳ್ಳೆಯದೇ ಆಗಬೇಕೆಂಬ ನಿಯಮವಿಲ್ಲ.

ತಡೆಯುವ ಪ್ರಯತ್ನಗಳು

ಕ್ಯಾಸ್ಪೇಸ್ ತಡೆಯುವ ಔಷಧಕ್ಕೆ ಎದುರಾಗುವ ತೊಡಕುಗಳು ಒಂದೆರಡಲ್ಲ. ಕುಟುಂಬದವರೆಲ್ಲರ ಕತ್ತರಿಸುವ ಭಾಗ ಬಹುತೇಕ ಒಂದೇ ರೀತಿ ಇರುವುದರಿಂದ ಒಂದನ್ನು ಬಿಟ್ಟು ಒಂದನ್ನು ಹಿಡಿಯುವುದು ಕಷ್ಟ. ಆಸ್ಪಾರ್ಟಿಕ್ ಆಮ್ಲವನ್ನು ಹೋಲುವ ಅಣುಗಳು ವಿದ್ಯುದಾವೇಶ ಹೊತ್ತಿರುತ್ತವೆ. ಅಂಥವನ್ನು ರಕ್ತ ಮತ್ತು ಮಿದುಳಿನ ನಡುವಿನ ತಡೆ ಒಳಗೆ ಬಿಡುವುದಿಲ್ಲ. ವರ್ಷಗಟ್ಟಲೆ ಎಲ್ಲ ಕ್ಯಾಸ್ಪೇಸ್‌ಗಳನ್ನೂ ಕಟ್ಟಿಹಾಕಿದರೆ, ಸಾಯಬೇಕಾದ ಕೋಶ ಸಾಯದೆ ಕ್ಯಾನ್ಸರ್ ಆದೀತೆಂಬ ಅಳುಕು ಇದೆ. ಕಲಿಕೆಗೆ ಬೇಕಾದ ಸಿನಾಪ್ಸ್‌ನ ನಿತ್ಯದ ಕೆಲಸವೂ ಕೆಟ್ಟೀತು. ಇವೆಲ್ಲಕ್ಕಿಂತ ಮಿಗಿಲಾದ ತೊಡಕೆಂದರೆ, ಆರೋಗ್ಯದ ಕೋಶದಲ್ಲಿ ರಿಪ್‌ಕೆ1ನ್ನು ಕತ್ತರಿಸಿ ನೆಕ್ರೊಪ್ಟೋಸಿಸ್ ಏಳದಂತೆ ನೋಡಿಕೊಳ್ಳುವುದು ಕ್ಯಾಸ್ಪೇಸ್-8. ಅದನ್ನು ತಡೆದರೆ, ಕೆರೆಯ ಒಂದು ತೂಬು ಮುಚ್ಚಿ ಇನ್ನೊಂದನ್ನು ತಾವೇ ಕಿತ್ತಂತಾಗುತ್ತದೆ.

ಮನುಷ್ಯರಲ್ಲಿ ನಡೆದ ಪ್ರಯತ್ನಗಳಲ್ಲಿ ಕ್ಯಾಸ್ಪೇಸ್‌ಗಳಿಗೆ ಸಮೀಪದ್ದು ಮಿನೊಸೈಕ್ಲಿನ್. ಮೊಡವೆಗೂ ಕೊಡುವ ಈ ಹಳೆಯ ಪ್ರತಿಜೈವಿಕ ಇಲಿಗಳಲ್ಲಿ ಕ್ಯಾಸ್ಪೇಸ್-1 ಮತ್ತು 3ನ್ನು ತಗ್ಗಿಸುತ್ತದೆ. ಬ್ರಿಟನ್ನಿನಲ್ಲಿ ಸೌಮ್ಯ ಆಲ್ಝೈಮರ್ ಇರುವ 544 ಮಂದಿಗೆ ಎರಡು ವರ್ಷ ಅದನ್ನು ಇಲ್ಲವೇ ಹುಸಿಗುಳಿಗೆಯನ್ನು ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಏನೂ ಪ್ರಯೋಜನ ಕಾಣಲಿಲ್ಲ ಎಂದು 2020ರಲ್ಲಿ ವರದಿಯಾಯಿತು. ಇದರಿಂದ ಕ್ಯಾಸ್ಪೇಸ್ ವಾದ ಸೋತಿತೆನ್ನಲಾಗದು, ಏಕೆಂದರೆ ಮಿನೊಸೈಕ್ಲಿನ್‌ನ ಕೆಲಸ ಹತ್ತಾರು ಕಡೆ ಹರಡಿದೆ. ರೋಗಿಗಳ ಮಿದುಳಿನಲ್ಲಿ ಕ್ಯಾಸ್ಪೇಸ್ ತಗ್ಗಿತೋ ಇಲ್ಲವೋ ಎಂದು ಆ ಪರೀಕ್ಷೆ ಅಳೆಯಲಿಲ್ಲ. ಕ್ಯಾಸ್ಪೇಸ್-1ನ್ನು ತಡೆಯುವ ವಿಎಕ್ಸ್-765 ಎಂಬ ಅಣುವಿನ ಬಗ್ಗೆ ಆಸೆ ಹೆಚ್ಚು. ಅಪಸ್ಮಾರಕ್ಕೆಂದು ಮನುಷ್ಯರಲ್ಲಿ ಪರೀಕ್ಷೆಗೊಳಗಾಗಿದ್ದ ಅದು, 2018ರಲ್ಲಿ ಲೆಬ್ಲಾಂಕ್ ತಂಡದ ಇಲಿಗಳಲ್ಲಿ ಕೆಟ್ಟ ನೆನಪನ್ನು ಮರಳಿಸಿತು.

ಈ ನಡುವೆ ಅಮೈಲಾಯ್ಡನ್ನೇ ತೆಗೆದುಹಾಕುವ ಪ್ರತಿಕಾಯಗಳು ಬಂದಿವೆ. ಲೆಕಾನೆಮ್ಯಾಬ್ 18 ತಿಂಗಳಲ್ಲಿ ಅರಿವಿನ ಇಳಿಕೆಯ ವೇಗವನ್ನು ನೂರಕ್ಕೆ 27ರಷ್ಟು ತಗ್ಗಿಸಿತು, ನಿಲ್ಲಿಸಲಿಲ್ಲ. ಪ್ಲೇಕ್ ಹೋದ ಮೇಲೂ ಕಾಯಿಲೆ ಮುಂದುವರಿಯುತ್ತದೆ ಎಂದರೆ ಅದರ ಕೆಳಗೆ ಶುರುವಾದ ಚಕ್ರಗಳು ತಾವಾಗಿಯೇ ತಿರುಗುತ್ತಿವೆ ಎಂದು ಊಹಿಸುವುದು ಸಹಜ. ಕ್ಯಾಸ್ಪೇಸ್‌ಗಳಿಗೆ ಮತ್ತೆ ಮಹತ್ವ ಬರುವುದು ಅಲ್ಲಿ.

ತೂಗಿ ನೋಡಿದರೆ

ಸಾಕ್ಷ್ಯದ ಬಲ ಎಲ್ಲ ಕಡೆ ಒಂದೇ ಅಲ್ಲ. ಬೆಳೆಸಿದ ಕೋಶಗಳಲ್ಲಿ ಅದು ಗಟ್ಟಿ, ಇಲಿಗಳಲ್ಲಿ ಸಾಕಷ್ಟು ಗಟ್ಟಿಯಾದರೂ ಕೆಲವೆಡೆ ವಿವಾದಿತ. ಮನುಷ್ಯರ ಮಿದುಳಿನಲ್ಲಿ ಸಿಗುವುದು ಸತ್ತ ಮೇಲಿನ ಒಂದು ಗಳಿಗೆಯ ಚಿತ್ರ ಮಾತ್ರ. ಅದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದು. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು. ಅವರಲ್ಲಿ ಎಲ್ಲರದ್ದೂ ಆಲ್ಝೈಮರ್ ಅಲ್ಲ; ರಕ್ತನಾಳಗಳ ಕಾಯಿಲೆಯ ಪಾಲೂ ಇದೆ. ಅಂಥ ಮಿಶ್ರ ಕಾಯಿಲೆಯಲ್ಲಿ ಯಾವ ಕಿಣ್ವ ಯಾವಾಗ ಎದ್ದಿತೆಂದು ತಿಳಿಯಲು ಬದುಕಿರುವವರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ದೀರ್ಘಕಾಲ ಅಧ್ಯಯನ ಮಾಡುತ್ತಿರುವುದೂ, ನಿಮ್ಹಾನ್ಸ್ ಮಿದುಳು ಭಂಡಾರವನ್ನು ನಡೆಸುತ್ತಿರುವುದೂ ಈ ಕಾರಣಕ್ಕೆ ಬೆಲೆಯುಳ್ಳವು. ಫಾಸ್ಫೇಟ್ ಸೇರಿದ ಟೌವನ್ನು ಇಂದು ರಕ್ತದಲ್ಲೇ ಅಳೆಯಬಹುದು. ಕ್ಯಾಸ್ಪೇಸ್ ಕತ್ತರಿಸಿದ ಟೌ ತುಣುಕುಗಳನ್ನೂ ಅಷ್ಟೇ ನೆಚ್ಚುವಂತೆ ಅಳೆಯಲು ಸಾಧ್ಯವಾದರೆ, ಊಹೆಯ ಜಾಗಕ್ಕೆ ಕಾಲಾನುಕ್ರಮದ ದಾಖಲೆ ಬರುತ್ತದೆ.

ಹಾಗಾಗಿ "ಕ್ಯಾಸ್ಪೇಸ್ ತಡೆದರೆ ಆಲ್ಝೈಮರ್ ನಿಲ್ಲುತ್ತದೆಯೇ" ಎಂದು ಒಟ್ಟಾರೆ ಕೇಳುವುದರಿಂದ ಲಾಭವಿಲ್ಲ. ಕೇಳಬೇಕಾದದ್ದು ಇದು: ಸಿನಾಪ್ಸ್‌ಗಳು ಉದುರತೊಡಗಿದ ಹಂತದಲ್ಲಿ, ನರಕೋಶಗಳು ಇನ್ನೂ ಬದುಕಿರುವಾಗಲೇ, ಕ್ಯಾಸ್ಪೇಸ್-1, 2 ಅಥವಾ 6ರಲ್ಲಿ ಯಾವುದೋ ಒಂದನ್ನು ಮಾತ್ರ ತಗ್ಗಿಸಿದರೆ, ಅದು ಕತ್ತರಿಸಿದ ತುಣುಕುಗಳು ಕಡಿಮೆಯಾಗಿ, ಜೊತೆಗೆ ನೆನಪಿನ ಇಳಿಕೆಯೂ ನಿಧಾನವಾಗುತ್ತದೆಯೇ? ತುಣುಕು ಕಡಿಮೆಯಾಗಿ ನೆನಪು ಮಾತ್ರ ಮೊದಲಿನ ವೇಗದಲ್ಲೇ ಜಾರಿದರೆ, ಇಲ್ಲಿ ಹೇಳಿದ ವಾದ ಸೋತಿತೆಂದು ಒಪ್ಪಬೇಕು. ಅಷ್ಟು ನೇರವಾದ ಪರೀಕ್ಷೆಗೆ ಬೇಕಾದ ಅಣುಗಳೂ ಅಳತೆಗಳೂ ಮೊದಲ ಬಾರಿಗೆ ಕೈಯಳತೆಯಲ್ಲಿವೆ. ನರಕೋಶ ಸತ್ತ ಮೇಲೆ ಕೊಲೆಗಾರನನ್ನು ಹುಡುಕುವುದರಲ್ಲೇ ಕಳೆದ ಶ್ರಮವನ್ನು, ಅದು ಬದುಕಿರುವಾಗ ಆಗುತ್ತಿರುವ ಹಾನಿಯನ್ನು ಅಳೆದು ತಡೆಯುವತ್ತ ತಿರುಗಿಸುವುದು ಈಗಿನ ಕೆಲಸ.